ಅಜ್ಜ ತೀರಿಕೊಂಡ ಊರು

ನಮ್ಮ ಕಡೆ ಹಿರಿಯರು ತಾರೀಖು ಹೇಳುವುದಿಲ್ಲ, ಗುರುತು ಹೇಳುತ್ತಾರೆ. ಒಬ್ಬ ಡ್ಯಾಮು ಕಟ್ಟುವಾಗ ಹುಟ್ಟಿದವನು, ಇನ್ನೊಬ್ಬಳು ಡ್ಯಾಮಿನ ನೀರು ಬಿಟ್ಟ ವರ್ಷ ಮದುವೆಯಾದವಳು, ಮತ್ತೊಬ್ಬ ಹೊಸ ಪೈಸೆ ಬಂದಾಗ ಶಾಲೆ ಬಿಟ್ಟವನು. ಗಾದಿಗನೂರಿನ ಕಟ್ಟೆಯ ಮೇಲೆ ಕೂತವರಿಗೆ ಇಷ್ಟು ಸಾಕು. ತುಂಗಭದ್ರಾ ಡ್ಯಾಮಿನ ಕೆಲಸ ಶುರುವಾದದ್ದು 1945ರಲ್ಲಿ, ನೀರು ಬಿಟ್ಟದ್ದು 1953ರಲ್ಲಿ, ಹೊಸ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ಕ್ಕೆ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಕಚೇರಿಯ ಕಿಟಕಿಯ ಮುಂದೆ ನಿಂತಾಗ ಮಾತ್ರ ಈ ಗುರುತುಗಳು ನಡೆಯುವುದಿಲ್ಲ. ಅಲ್ಲಿ ತಾರೀಖು ಬೇಕು, ಊರು ಬೇಕು, ಕೆಳಗೆ ಸೀಲು ಬೇಕು.

ನಮಗೆ ಅದು ಬೇಕಾದದ್ದು ಅಜ್ಜ ಸತ್ತು ಸುಮಾರು ಅರ್ಧ ಶತಮಾನ ಕಳೆದ ಮೇಲೆ. ಗಣಿಗಾರಿಕೆ ಏರುಗತಿಯಲ್ಲಿದ್ದ ಕಾಲ ಅದು. ಹೊಸಪೇಟೆ–ಬಳ್ಳಾರಿ ಹೆದ್ದಾರಿಯಲ್ಲಿ ಹಗಲು ರಾತ್ರಿ ಅದಿರಿನ ಲಾರಿಗಳು. ಬೇವಿನ ಎಲೆಯಿಂದ ಹಿಡಿದು ಒಣಹಾಕಿದ ಧೋತರದವರೆಗೆ ಎಲ್ಲಕ್ಕೂ ಕೆಂಪು ಬಣ್ಣ. ಸಜ್ಜೆ, ಜೋಳ, ಶೇಂಗಾ ಬಿಟ್ಟರೆ ಬೇರೇನೂ ಬೆಳೆಯದ ಬೆದ್ದಲು ಹೊಲಕ್ಕೆ ಒಮ್ಮೆಲೇ ಬೆಲೆ ಬಂತು. ಬೆಲೆ ಬಂದ ಮೇಲೆ ಜನ ಪಹಣಿ ತೆಗೆಸಿ ನೋಡತೊಡಗಿದರು. ನಮ್ಮ ಪಹಣಿಯ 9ನೇ ಕಾಲಂನಲ್ಲಿ ಅಜ್ಜನ ಹೆಸರೇ ಇತ್ತು. ಉಳುವವರು ದೊಡ್ಡಪ್ಪ ಮತ್ತು ಅಪ್ಪ, ಕಂದಾಯ ಕಟ್ಟುವವರೂ ಅವರೇ, ಹೆಸರು ಮಾತ್ರ ಅಜ್ಜನದು. ಅದನ್ನು ಮಕ್ಕಳ ಹೆಸರಿಗೆ ಪೌತಿ ಖಾತೆ ಮಾಡಿಸಬೇಕೆಂದರೆ ವಂಶವೃಕ್ಷ ಬೇಕು, ಅದಕ್ಕೂ ಮೊದಲು ಮರಣ ಪ್ರಮಾಣ ಪತ್ರ ಬೇಕು. ಮನೆಯಲ್ಲಿ ನಾಲ್ಕು ಅಕ್ಷರ ಕಲಿತವನೆಂದು ಆ ಕೆಲಸ ನನ್ನ ಪಾಲಿಗೆ ಬಂತು.

ಈಗಿನ ಜನನ ಮರಣ ನೋಂದಣಿ ಕಾಯ್ದೆ 1969ರದು. ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲಿನ ಸಾವುಗಳನ್ನು ಹುಡುಕುವವನಿಗೆ ನಮ್ಮ ಸೀಮೆಯ ಚರಿತ್ರೆಯೂ ಗೊತ್ತಿರಬೇಕು. ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಬಂತು. ಪಕ್ಕದ ಸಂಡೂರು 1949ರವರೆಗೆ ಘೋರ್ಪಡೆಯವರ ಸಂಸ್ಥಾನ. ಹೊಳೆ ದಾಟಿದರೆ ಆನೆಗೊಂದಿ, ಗಂಗಾವತಿ, ಹುಲಿಗಿ ಎಲ್ಲ ನಿಜಾಮನವು. ಹೆಣ್ಣು ಕೊಟ್ಟು ತರುವುದಕ್ಕೆ ನಮ್ಮವರು ಈ ಗಡಿಗಳನ್ನು ಎಂದೂ ಲೆಕ್ಕಕ್ಕೆ ಹಿಡಿದವರಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಮದ್ರಾಸಿನಲ್ಲಿ, ಒಬ್ಬಳು ಸಂಸ್ಥಾನದಲ್ಲಿ, ಒಬ್ಬಳು ನಿಜಾಮನ ಕೆಳಗೆ ಸಂಸಾರ ಮಾಡಿದ್ದುಂಟು. ಸಾವಿನ ಪುಸ್ತಕಗಳು ಮಾತ್ರ ಗಡಿ ದಾಟುವುದಿಲ್ಲ. ಎಲ್ಲಿ ಉಸಿರು ನಿಂತಿತೋ ಅಲ್ಲಿಯ ಪುಸ್ತಕದಲ್ಲೇ ಹೆಸರು ಏರಬೇಕು. ಆ ಕಾಲದಲ್ಲಿ ಹಳ್ಳಿಯ ಸಾವು ಬರೆಯುತ್ತಿದ್ದವರು ಊರಿನ ಹಕ್ಕುದಾರ ಅಧಿಕಾರಿಗಳು. 1963ರಲ್ಲಿ ವಂಶಪಾರಂಪರ್ಯದ ಆ ಹುದ್ದೆಗಳು ರದ್ದಾಗಿ ಗ್ರಾಮ ಲೆಕ್ಕಿಗರು ಬಂದರು. ಹಳೆಯ ಪುಸ್ತಕಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಂ ಸೇರಿದವು.

ಗಾದಿಗನೂರಿನ ಪುಸ್ತಕಗಳನ್ನು ಹುಡುಕಲು ಅರ್ಜಿ ಕೊಟ್ಟೆ. ‘ಯಾವ ವರ್ಷ?’ ಎಂದು ಗುಮಾಸ್ತರು ಕೇಳಿದರು. ದೊಡ್ಡಪ್ಪನ ಪ್ರಕಾರ ಡ್ಯಾಮಿನ ನೀರು ಬಿಡುವುದಕ್ಕಿಂತ ಮೊದಲು. ಅಪ್ಪ ಆಗ ತೊಟ್ಟಿಲ ಕೂಸು, ಅವನಿಗೆ ಗೊತ್ತಿಲ್ಲ. ಹಾಗಾಗಿ 1950ರಿಂದ 1953ರವರೆಗೆ ಎಂದು ಬರೆದುಕೊಟ್ಟೆ. ಕೊನೆಗೆ ಕೈಗೆ ಬಂದದ್ದು ಒಂದು ಹಿಂಬರಹ: ಸದರಿ ಅವಧಿಯಲ್ಲಿ ಸದರಿ ಗ್ರಾಮದ ಮರಣ ವಹಿಯಲ್ಲಿ ಸದರಿ ಹೆಸರು ಕಂಡುಬಂದಿರುವುದಿಲ್ಲ. ಮೂರು ಸಲ ‘ಸದರಿ’, ಒಂದು ಸಹಿ.

ಹಿಂಬರಹ ಹಿಡಿದು ಹೊಸಪೇಟೆಯ ವಕೀಲರೊಬ್ಬರ ಹತ್ತಿರ ಹೋದೆವು. ಅವರು ಕಾಗದ ಓದಿ ದೊಡ್ಡಪ್ಪನನ್ನು ಒಂದೇ ಪ್ರಶ್ನೆ ಕೇಳಿದರು: ‘ನಿಮ್ಮಪ್ಪ ತೀರಿಕೊಂಡದ್ದು 1956ಕ್ಕೆ ಮೊದಲೋ ಆಮೇಲೋ?’ ಅದರಿಂದ ಏನು ವ್ಯತ್ಯಾಸ ಎಂದು ನಮಗೆ ಹೊಳೆಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ಕ್ಕೆ. ಅದಕ್ಕೆ ಮೊದಲು ತೀರಿಕೊಂಡಿದ್ದರೆ ಗಂಡುಮಕ್ಕಳಿರುವಾಗ ಹೆಣ್ಣುಮಕ್ಕಳಿಗೆ ಆಸ್ತಿ ಬರುವುದಿಲ್ಲ. ಹೆಂಡತಿಗೆ ಇರುವ ತನಕ ಅನುಭವಿಸುವ ಹಕ್ಕು ಮಾತ್ರ. ಆಮೇಲೆ ತೀರಿಕೊಂಡಿದ್ದರೆ ಅಜ್ಜನ ಪಾಲಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮ. ಅಪ್ಪನಿಗೆ ಒಬ್ಬಳೇ ಅಕ್ಕ, ಕಂಪ್ಲಿ ಕಡೆಗೆ ಕೊಟ್ಟಿದ್ದ ನನ್ನ ಸೋದರತ್ತೆ. ಅಲ್ಲಿಯವರೆಗೆ ಪೌತಿ ಖಾತೆಯ ಮಾತಿನಲ್ಲಿ ಅವಳ ಹೆಸರು ಯಾರ ಬಾಯಿಂದಲೂ ಬಂದಿರಲಿಲ್ಲ.

ಊರಿಗೆ ಬಂದ ಮೇಲೆ ಸಲಹೆ ಕೊಡುವವರಿಗೆ ಬರವಿರಲಿಲ್ಲ. ‘ಪುಸ್ತಕದಾಗ ಇಲ್ಲ ಅಂತ ಅವರ ಬರದು ಕೊಟ್ಟಾರಲ್ಲ. ಇನ್ನೇನೈತಿ, ಕೋರ್ಟಿಗೆ ಹಾಕ್ರಿ. ಐವತ್ತೆರಡನೇ ಇಸವಿ ಅಂತ ಇಬ್ಬರು ಮುದುಕರ ಕಡೆ ಅಫಿಡವಿಟ್ ಹಾಕಿಸಿದ್ರ ಆತು’ ಎಂದರು ಒಬ್ಬರು. ದೊಡ್ಡಪ್ಪ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಅವನದು ಪೂರ್ತಿ ಸುಳ್ಳೆಂದೂ ಹೇಳಲಾರೆ. ಮನಸ್ಸಿಗೆ ಅನುಕೂಲವಾದ ವರ್ಷವೇ ನೆನಪಾಗುವುದುಂಟು. ಅಪ್ಪ ಮಾತ್ರ, ‘ಅಕ್ಕನ್ನೂ ಒಂದು ಮಾತು ಕೇಳೋಣ. ಆಕಿ ನನಗಿಂತ ದೊಡ್ಡಾಕಿ, ನೋಡಿದಾಕಿ’ ಎಂದ.

ಕಂಪ್ಲಿಗೆ ಹೋದಾಗ ಅತ್ತೆ ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ವರ್ಷ ಕೇಳಲಿಲ್ಲ ನಾನು, ಗುರುತು ಕೇಳಿದೆ. ಕೈ ನಿಲ್ಲಿಸದೆ ಹೇಳಿದಳು: ‘ಡ್ಯಾಮಿನ ನೀರು ಬಿಟ್ಟಾಗ ಅಪ್ಪನ ಹೆಗಲ ಮ್ಯಾಲ ಕೂತು ನೋಡಾಕ ಹೋಗಿದ್ನೆಲ್ಲ. ನೀರು ಬಿಡಾಕ ಮೊದಲ ಹೆಂಗ ಸಾಯ್ತಾನ?’ ಅಲ್ಲಿಗೆ ದೊಡ್ಡಪ್ಪನ ವರ್ಷ ಬಿದ್ದುಹೋಯಿತು. ಕೊನೆಯ ಗುರುತನ್ನೂ ಅವಳೇ ಕೊಟ್ಟಳು. ಮಣ್ಣು ಮಾಡುವಾಗ ಅಜ್ಜನ ಕೈಯಲ್ಲಿ ಇಟ್ಟದ್ದು ಒಂದಾಣೆ; ಹೊಸ ಪೈಸೆ ಆಗಿನ್ನೂ ಊರಿಗೆ ಬಂದಿರಲಿಲ್ಲ. ಅಂದರೆ 1953ರ ಮಳೆಗಾಲದಿಂದ 1957ರ ಏಪ್ರಿಲ್ ಒಳಗೆ. ಗಾದಿಗನೂರಿನ ಅಷ್ಟೂ ಪುಸ್ತಕ ನೋಡಿಸುತ್ತೇನೆ ಎಂದು ನಾನು ಏಳುವ ಹೊತ್ತಿಗೆ ಅವಳು ಇನ್ನೊಂದು ಮಾತು ಸೇರಿಸಿದಳು:

‘ಬಂಡ್ಯಾಗ ತಂದ್ರು ಅಪ್ಪನ್ನ. ಕೆಳಗ ಕಬ್ಬಿನ ರವದಿ ಹಾಸಿದ್ರು. ನಾನು ಕಬ್ಬು ಐತೇನೋ ಅಂತ ಓಡಿ ಹೋಗಿದ್ದೆ.’

ನಮ್ಮೂರಿನಲ್ಲಿ ಕಬ್ಬೆಲ್ಲಿಂದ ಬರಬೇಕು? ಸುತ್ತ ಮಳೆ ನಂಬಿದ ನೆಲ. ಕಬ್ಬು, ಬಾಳೆ, ಭತ್ತ ಏನಿದ್ದರೂ ವಿಜಯನಗರದ ಕಾಲದ ಕಾಲುವೆಗಳು ಹರಿಯುವ ಹೊಸಪೇಟೆ, ಕಮಲಾಪುರ, ಕಂಪ್ಲಿಯ ಕಡೆ. ಸುಗ್ಗಿ ಮುಗಿದ ಮೇಲೆ ಬೆದ್ದಲು ಸೀಮೆಯ ರೈತರು ಆಲೆಮನೆಯ ಕೂಲಿಗೆ ಅಲ್ಲಿಗೆ ಹೋಗುತ್ತಿದ್ದರು. ‘ಕಮಲಾಪುರದಾಗ ಗಾಣಕ್ಕ ಹೋಗಿದ್ದ. ಅಲ್ಲೇ ಜ್ವರ ಬಂತಂತ’ ಎಂದಳು ಅತ್ತೆ. ಐವತ್ತು ವರ್ಷ ಎಲ್ಲರೂ ಅಜ್ಜ ಗಾದಿಗನೂರಿನಲ್ಲೇ ತೀರಿಕೊಂಡ ಎನ್ನುತ್ತಿದ್ದರು, ಯಾಕೆಂದರೆ ಗುಂಡಿ ಇರುವುದು ನಮ್ಮ ಹೊಲದ ಬದುವಿನಲ್ಲಿ. ವರ್ಷವರ್ಷ ಎಡೆ ಇಡುವ ಜಾಗ ಮನೆಯವರಿಗೆ ನೆನಪಿರುತ್ತದೆ. ಉಸಿರು ಹೋದ ಜಾಗ ಮರೆತುಹೋಗುತ್ತದೆ. ಸರ್ಕಾರಕ್ಕೆ ಮಾತ್ರ ಆ ಎರಡನೆಯದೇ ಬೇಕು.

ಈ ನಿಯಮ ತಿಳಿಯದೆ ಅಲೆದವರನ್ನು ಆಮೇಲೆ ಎಷ್ಟೋ ಜನರನ್ನು ಕಂಡಿದ್ದೇನೆ. ಲಾರಿ ಹೊಡೆದು ಗಾಯಗೊಂಡವನನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದಿರುತ್ತಾರೆ, ಅಲ್ಲಿ ಜೀವ ಹೋಗಿರುತ್ತದೆ, ಮನೆಯವರು ಪ್ರಮಾಣ ಪತ್ರಕ್ಕೆ ಹೊಸಪೇಟೆಯ ಕಿಟಕಿಯಲ್ಲಿ ನಿಂತಿರುತ್ತಾರೆ. ಅವನ ಹೆಸರು ಏರಿರುವುದು ಬಳ್ಳಾರಿಯ ಪುಸ್ತಕದಲ್ಲಿ. ಓಡುವ ಗಾಡಿಯಲ್ಲೇ ಸತ್ತರೆ ಗಾಡಿ ಮೊದಲು ನಿಂತ ಊರಿನಲ್ಲಿ ತಿಳಿಸಬೇಕು ಎನ್ನುತ್ತದೆ ಕಾನೂನು. ಇಷ್ಟು ಸೂಕ್ಷ್ಮ ದುಃಖದಲ್ಲಿರುವವರಿಗೆ ಯಾರು ಹೇಳಬೇಕು?

ಕಮಲಾಪುರದ ಪುಸ್ತಕಗಳಿಗೆ ಮತ್ತೆ ಅರ್ಜಿ ಕೊಟ್ಟೆ. ವಯಸ್ಸಾದ ಗುಮಾಸ್ತರೊಬ್ಬರು, ಕಚೇರಿಯ ಹೊತ್ತು ಮುಗಿಯುತ್ತ ಬಂದಿದ್ದರೂ, ಕೆಂಪು ಬಟ್ಟೆಯ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಅಂಚು ಹುಡಿಯಾದ ಹಾಳೆಗಳನ್ನು ಅವರು ತಿರುವಲಿಲ್ಲ. ಎರಡೂ ಅಂಗೈಯಲ್ಲಿ ಎತ್ತಿ ಪಕ್ಕಕ್ಕೆ ಮಲಗಿಸುತ್ತಿದ್ದರು. ಅಡ್ಡ ಉದ್ದ ಗೆರೆಯ ಕಾಲಂಗಳು, ಒತ್ತೊತ್ತಾಗಿ ಕೂಡಿಸಿ ಬರೆದ ಕಂದು ಬಣ್ಣಕ್ಕೆ ತಿರುಗಿದ ಮಸಿ. 1957ರ ಫೆಬ್ರವರಿಯ ಹಾಳೆಯಲ್ಲಿ ಅವರ ಬೆರಳು ನಿಂತಿತು. ಅಜ್ಜನ ಹೆಸರು, ಅವನ ತಂದೆಯ ಹೆಸರು. ಗಂಡು. ವಯಸ್ಸು ಸುಮಾರು 40. ವಾಸ ಗಾದಿಗನೂರು. ಕಸಬು ಕೂಲಿ. ಕಾರಣ ಜ್ವರ. ಅಜ್ಜನ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಆ ಕಾಲದಲ್ಲಿ ಅವನ ಬಗ್ಗೆ ಯಾರಾದರೂ ಬರೆದಿಟ್ಟದ್ದು, ಪಹಣಿಯ ಹೆಸರು ಬಿಟ್ಟರೆ, ಈ ಒಂದು ಸಾಲು.

ದೃಢೀಕೃತ ನಕಲು ನೋಡಿ ದೊಡ್ಡಪ್ಪನಿಗೆ ಸಿಟ್ಟು ಬಂದದ್ದು ವರ್ಷಕ್ಕಲ್ಲ, ಕಸಬಿಗೆ. ‘ಎಂಟೆಕರೆ ಇದ್ದಾವನ್ನ ಕೂಲಿ ಅಂತ ಬರದಾರಲ್ಲ, ಯಾವನಲೇ ಅವ’ ಎಂದ. ಬರೆದವನ ತಪ್ಪೇನೂ ಇರಲಿಲ್ಲ. ಮಳೆಗಾಲದಲ್ಲಿ ಗಾದಿಗನೂರಿನ ರೈತ, ಬೇಸಿಗೆಯಲ್ಲಿ ಕಮಲಾಪುರದ ಕೂಲಿ; ನಮ್ಮ ಬೆದ್ದಲು ಸೀಮೆಯ ಅರ್ಧದಷ್ಟು ಮನೆಗಳ ಕಥೆಯೇ ಅದು. ವರ್ಷದ ಬಗ್ಗೆ ದೊಡ್ಡಪ್ಪ ಮತ್ತೆ ತಕರಾರು ತೆಗೆಯಲಿಲ್ಲ. ಸೀಲು ಬಿದ್ದ ಕಾಗದದ ಜೊತೆ ವಾದ ಮಾಡುವ ಅಭ್ಯಾಸ ನಮ್ಮವರಿಗಿಲ್ಲ.

ಅತ್ತೆ ಕೇಳಿದ್ದು ಬೇರೆ. ‘ಏನಾಗಿ ಸತ್ತ ಅಂತ ಬರದಾರ?’ ನಮಗೆ ಕೊಟ್ಟ ಕಾಗದದಲ್ಲಿ ಅದಿರಲಿಲ್ಲ. ಸಾವಿನ ನಕಲು ಕೊಡುವಾಗ ಕಾರಣ ತೋರಿಸಬಾರದು ಎಂದು 1969ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಸತ್ತವರ ರೋಗ ಬೀದಿಯ ಮಾತಾಗದಿರಲೆಂಬ ಉದ್ದೇಶ ಇರಬಹುದು. ಪುಸ್ತಕದಲ್ಲಿ ಕಂಡದ್ದನ್ನು ನಾನು ಹೇಳಿದೆ: ಜ್ವರ. ಅತ್ತೆ ನಕ್ಕಳು. ‘ಎಲ್ಲಾರಿಗೂ ಜ್ವರಾನ ಬರೀತಿದ್ರು ಬಿಡು.’ ಅವಳ ಮಾತು ದಿಟ. ಆ ಕಾಲದ ಪುಸ್ತಕಗಳಲ್ಲಿ ಕಾಲರಾ, ಸಿಡುಬು, ಪ್ಲೇಗು, ಭೇದಿ, ಹಾವು ಕಡಿತ ಇಂಥವಕ್ಕೆ ಬೇರೆ ಬೇರೆ ಲೆಕ್ಕವಿತ್ತು; ಡಾಕ್ಟರ ಮುಖ ಕಾಣದೆ ಸತ್ತ ಉಳಿದವರೆಲ್ಲ ಜ್ವರದ ಲೆಕ್ಕಕ್ಕೇ ಹೋಗುತ್ತಿದ್ದರು. ಮುಂದೆ ಕೋವಿಡ್ ಕಾಲದಲ್ಲಿ ಇದೇ ಕಲಮು ಜನರನ್ನು ಇನ್ನೊಂದು ರೀತಿ ಕಾಡಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2021ರಲ್ಲಿ 50,000 ರೂಪಾಯಿ ಪರಿಹಾರ ಬಂತು, ಆದರೆ ಮರಣ ಪ್ರಮಾಣ ಪತ್ರವೊಂದೇ ಸಾಲಲಿಲ್ಲ. ಕೋವಿಡ್‌ನಿಂದಲೇ ಸತ್ತದ್ದೆಂದು ತೋರಿಸುವ ಬೇರೆ ಕಾಗದಕ್ಕೆ ಮನೆಯವರು ಓಡಾಡಬೇಕಾಯಿತು.

ಅಜ್ಜನ ಕಾಗದ ಸಿಕ್ಕಿದ್ದಕ್ಕೆ ಕೆಲಸ ಮುಗಿಯಲಿಲ್ಲ, ಅಜ್ಜಿಯದು ಶುರುವಾಯಿತು. 1957ರಲ್ಲಿ ಅಜ್ಜನ ಪಾಲಿಗೆ ಅವಳೂ ವಾರಸುದಾರಳು. ಈಗ ಅವಳೂ ಇಲ್ಲವೆಂದು ತೋರಿಸಬೇಕು. ಅವಳು ತೀರಿಕೊಂಡದ್ದು ನಾನು ಹೈಸ್ಕೂಲಿನಲ್ಲಿದ್ದಾಗ, ನಮ್ಮ ಮನೆಯ ಪಡಸಾಲೆಯಲ್ಲೇ. ಅಷ್ಟು ಹೊತ್ತಿಗೆ ಕಾನೂನಿತ್ತು, ಗ್ರಾಮ ಲೆಕ್ಕಿಗರಿದ್ದರು, ಮನೆಯ ಯಜಮಾನ ಹೋಗಿ ಹೇಳಿದರೆ ಪುಕ್ಕಟೆ ಪ್ರಮಾಣ ಪತ್ರವೂ ಸಿಗುತ್ತಿತ್ತು. ಯಾರೂ ಹೋಗಲಿಲ್ಲ. ಅವಳ ಹೆಸರಿನಲ್ಲಿ ಹೊಲವಿರಲಿಲ್ಲ, ಪಿಂಚಣಿ ಇರಲಿಲ್ಲ, ಬ್ಯಾಂಕಿನ ಪುಸ್ತಕ ಇರಲಿಲ್ಲ. ಬರೆಸಬೇಕೆಂದು ಯಾರಿಗೂ ಅನ್ನಿಸಲೇ ಇಲ್ಲ.

ಒಂದು ವರ್ಷ ದಾಟಿದ ಸಾವನ್ನು ಬರೆಸಬೇಕಾದರೆ ಆಗ ಮೊದಲನೇ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ‘ನೋಂದಣಿ ಲಭ್ಯವಿಲ್ಲ’ ಎಂಬ ನಮೂನೆ 10 ತೆಗೆಸಿ, ವಕೀಲರ ಮೂಲಕ ಅರ್ಜಿ ಹಾಕಿದೆವು. ದಿನಾಂಕಕ್ಕೆ ಪುರಾವೆ ಕೇಳಿದರು. ಟ್ರಂಕಿನಲ್ಲಿ ಅಪ್ಪನ ಒಂದು ನೋಟುಬುಕ್ಕು ಸಿಕ್ಕಿತು: ಅಜ್ಜಿಯ ಹನ್ನೊಂದನೆಯ ದಿನದ ಖರ್ಚಿನ ಲೆಕ್ಕ. ಮೇಲೆ ತಾರೀಖು, ಕೆಳಗೆ ಅಕ್ಕಿ, ಬೆಲ್ಲ, ಎಣ್ಣೆ, ಬಾಳೆಎಲೆ, ಗ್ಯಾಸ್‌ಲೈಟ್ ಬಾಡಿಗೆ, ಭಜನೆಯವರಿಗೆ ಎಲೆಅಡಿಕೆ. ಕೊನೆಯ ಸಾಲಿನಲ್ಲಿ ಯಾರು ಎಷ್ಟು ಕೊಟ್ಟರು ಎಂದಿತ್ತು. ಅಂಗಡಿ ಬಾಕಿಗಾಗಿ ಬರೆದ ಆ ಲೆಕ್ಕ ಮತ್ತು ಊರಿನ ಇಬ್ಬರು ಹಿರಿಯರ ಸಾಕ್ಷಿಯಿಂದ ಅಜ್ಜಿಯ ಸಾವು ರುಜುವಾತಾಯಿತು. ಸರ್ಕಾರದ ತಡ ಶುಲ್ಕ ಹತ್ತು ರೂಪಾಯಿ. ಉಳಿದ ಖರ್ಚೆಲ್ಲ ವಕೀಲರದು, ಸಾಕ್ಷಿಗಳ ಬಸ್ ಚಾರ್ಜಿನದು, ಪತ್ರಿಕೆಯ ಪ್ರಕಟಣೆಯದು.

ಆ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಪುಟದ ಮೇಲೆ ಉಳ್ಳವರ ಫೋಟೋ, ಹೂವಿನ ಚೌಕಟ್ಟು, ಮೊದಲನೇ ವರ್ಷದ ಪುಣ್ಯಸ್ಮರಣೆ. ಕೆಳಗೆ ಸಣ್ಣ ಅಕ್ಷರದಲ್ಲಿ ನಮ್ಮ ಅಜ್ಜಿ: ಇಂಥವರ ಹೆಂಡತಿ, ಗಾದಿಗನೂರು ಗ್ರಾಮ, ಇಂಥ ದಿನ ಮೃತಪಟ್ಟಿದ್ದು, ಆಕ್ಷೇಪಣೆ ಇದ್ದವರು ನ್ಯಾಯಾಲಯಕ್ಕೆ ಹಾಜರಾಗತಕ್ಕದ್ದು. ಅವಳ ಹೆಸರು ಪತ್ರಿಕೆಯಲ್ಲಿ ಅಚ್ಚಾದದ್ದು ಅದೊಂದೇ ಸಲ. ಯಾರೂ ಆಕ್ಷೇಪಿಸಲಿಲ್ಲ.

ಪೌತಿ ಖಾತೆಗೆ ಮೂವರ ಹೆಸರೂ ಹೋಯಿತು. ಅತ್ತೆಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರಾಯಿತು, ಸೀರೆ ಕುಪ್ಪಸ ಕೊಟ್ಟು ಕಳಿಸಿದರಾಯಿತು ಎಂದು ಕೆಲವರು ಅಂದುಕೊಂಡಿದ್ದರು. ನಮ್ಮ ಕಡೆ ಅಕ್ಕತಂಗಿಯರು ಹಾಗೆಯೇ ಸಹಿ ಹಾಕುತ್ತ ಬಂದಿದ್ದಾರೆ. ಅತ್ತೆ ಹಾಕಲಿಲ್ಲ. ‘ತವರು ಬಿಡಂಗಿಲ್ಲ, ಪಾಲೂ ಬಿಡಂಗಿಲ್ಲ’ ಎಂದಳು. ದೊಡ್ಡಪ್ಪ ಎರಡು ವರ್ಷ ಅವಳ ಜೊತೆ ಮಾತು ಬಿಟ್ಟಿದ್ದ. ಅವಳು ತನ್ನ ಭಾಗವನ್ನು ಮಾರಲೂ ಇಲ್ಲ, ಪಾಲಿಗೆ ಕೊಟ್ಟು ಶೇಂಗಾ ಹಾಕಿಸಿದಳು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಹೊಲದ ಬೆಲೆಯೂ ಇಳಿಯಿತು, ಮನೆಯೊಳಗಿನ ಬಿಸಿಯೂ ಇಳಿಯಿತು.

ಅಂದು ಆ ಹಳೆಯ ಪುಸ್ತಕಗಳಲ್ಲಿ ಅಜ್ಜನನ್ನು ಹುಡುಕುವಾಗ ಕಣ್ಣಿಗೆ ಬಿದ್ದ ಇನ್ನೊಂದನ್ನು ಹೇಳಬೇಕು. ಹೆಂಗಸರ ಸಾಲುಗಳಲ್ಲಿ ಅನೇಕ ಕಡೆ ಗಂಡನ ಹೆಸರು ಸ್ಪಷ್ಟವಾಗಿತ್ತು, ಅವಳದೇ ಹೆಸರು ಮಸುಕು. ಕೂಸುಗಳಿಗೆ ಹೆಸರೇ ಇಲ್ಲ. ‘ಹೆಣ್ಣು ಕೂಸು, 8 ದಿನ’ ಎಂದಷ್ಟೇ. ಬರೆದಿದ್ದಾರಲ್ಲ ಎಂಬುದೇ ದೊಡ್ಡದು. ಅಜ್ಜಿಗೆ ಅಷ್ಟೂ ಆಗಿರಲಿಲ್ಲ. ಆಸ್ತಿಯಿದ್ದವನ ಸಾವಿಗೆ ನಾಲ್ಕು ಜನ ಕಾಗದ ಹುಡುಕುತ್ತಾರೆ, ಇಲ್ಲದವಳ ಸಾವನ್ನು ಯಾರೂ ಕೇಳುವುದಿಲ್ಲ. ಕಡೆಗೆ ಆಸ್ತಿಯ ದಾರಿ ಅವಳ ಹೆಸರಿನ ಮೇಲೆ ಹಾದುಹೋಗುವಾಗಲೇ ಎಲ್ಲರೂ ತಡವರಿಸುತ್ತಾರೆ.

ಈಗ ಗಾದಿಗನೂರು ವಿಜಯನಗರ ಜಿಲ್ಲೆಯಲ್ಲಿದೆ. ಮದ್ರಾಸು, ಮೈಸೂರು, ಕರ್ನಾಟಕ, ಬಳ್ಳಾರಿ, ವಿಜಯನಗರ ಎಂದು ಪ್ರಮಾಣ ಪತ್ರದ ತಲೆಬರಹ ಬದಲಾಗುತ್ತ ಬಂತು, ಊರು ನಿಂತಲ್ಲೇ ಇದೆ. ಕಾನೂನೂ ಸ್ವಲ್ಪ ಹಗುರವಾಗಿದೆ. ಸಾವು ಇ-ಜನ್ಮ ತಂತ್ರಾಂಶದಲ್ಲಿ ದಾಖಲಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ವರ್ಷ ಮೀರಿದ ನೋಂದಣಿಯ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿಗಳ ಕಡೆಗೆ ಬಂದಿದೆ. ಆದರೂ ಸುಲಭದ ದಾರಿ ಮೊದಲಿನಂತೆ ಒಂದೇ: 21 ದಿನದೊಳಗೆ ಹೋಗಿ ಬರೆಸುವುದು.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನದ ಕಾರ್ಡಿಗೆ ಹೆಸರು ಬರೆದುಕೊಡುವ ದಿನವೇ ನೋಂದಣಿಗೂ ಒಬ್ಬರನ್ನು ಕಳಿಸಿ. ಎಲ್ಲಿ ಮಣ್ಣು ಮಾಡಿದಿರಿ ಎಂದಲ್ಲ, ಎಲ್ಲಿ ಉಸಿರು ನಿಂತಿತು ಎಂದು ನೋಡಿ ಆ ಊರಿನಲ್ಲಿ ಬರೆಸಿ. ಹೆಸರು ಆಧಾರ್‌ನಲ್ಲಿ, ಪಹಣಿಯಲ್ಲಿ ಹೇಗಿದೆಯೋ ಹಾಗೆಯೇ ಇರಲಿ. ನಮ್ಮ ಕಡೆ ಹುಲುಗಪ್ಪ ಒಂದು ಕಾಗದದಲ್ಲಿ ಹುಲಿಗೆಪ್ಪನಾಗಿ, ಇನ್ನೊಂದರಲ್ಲಿ ಹುಲಗಪ್ಪನಾಗಿ ಮೂರು ಮನುಷ್ಯರಾಗುವುದು ಹೊಸದಲ್ಲ. ಆಸ್ತಿ ಇದ್ದವರಿಗೆ ಮಾತ್ರ ಅಂದುಕೊಳ್ಳಬೇಡಿ. ಮನೆಯ ಹೆಂಗಸರ ಸಾವನ್ನು, ವಾರ ಬದುಕಿದ ಕೂಸಿನ ಸಾವನ್ನೂ ತಪ್ಪದೆ ಬರೆಸಿ.